ಪಲ್ಲೆ ಎಲ್ಲಿಯದು, ನೀರು ಯಾವುದು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ನಾನು ಓದಿದ ಪುಸ್ತಕ, ಬರೆದ ಪಟ್ಟಿ ಎಲ್ಲ ಪಲ್ಲೆ ಮಾರಿದ ದುಡ್ಡಿನವು. ವಿಜಯಪುರದ ಅಂಚಿನಲ್ಲಿ, ನಾಲಾದ ಪಕ್ಕ ನಮ್ಮದು ಅರ್ಧ ಎಕರೆ ಹೊಲ. ಅವ್ವ ಗಟಾರದ ನೀರನ್ನೇ ತಿರುವಿಕೊಂಡು ಪಾಲಕ, ಮೆಂತೆ, ರಾಜಗಿರಿ ಬೆಳೆಯುತ್ತಿದ್ದಳು. ಬರಗಾಲದಲ್ಲೂ ಬತ್ತದ ನೀರು ಅದೊಂದೇ. “ನೀರು ಕರ್ರಗಿದ್ರ ಏನಾತು, ಪಲ್ಲೆ ಹಸರ ಐತಲ್ಲ” ಅನ್ನುತ್ತಿದ್ದಳು. ಆ ಮಾತು ಅರ್ಧ ನಿಜ. ಗಟಾರದ ನೀರಿನಲ್ಲಿ ಸಾರಜನಕ, ರಂಜಕ ಇರುತ್ತವೆ. ಗೊಬ್ಬರ ಹಾಕದಿದ್ದರೂ ಎಲೆ ದಟ್ಟ ಹಸಿರಾಗುತ್ತದೆ.

ಉಳಿದರ್ಧ ಕಣ್ಣಿಗೆ ಕಾಣುವುದಿಲ್ಲ. ಬ್ಯಾಟರಿ, ಬಣ್ಣ, ಲೋಹಕ್ಕೆ ಲೇಪ ಕೊಡುವ ಕೆಲಸಗಳ ತೊಳೆನೀರು ಗಟಾರಕ್ಕೆ ಸೇರಿದರೆ ಸೀಸ, ಕ್ಯಾಡ್ಮಿಯಂ, ನಿಕಲ್ ಕೂಡ ಹೊಲಕ್ಕೆ ಬರುತ್ತವೆ. ಇವು ಕೊಳೆಯುವುದಿಲ್ಲ. ಎಲೆಯ ಮೇಲೆ ಕೂತ ಸೀಸದ ಧೂಳು ತೊಳೆದರೆ ಬಹುಪಾಲು ಹೋದೀತು. ಬೇರಿನಿಂದ ಒಳಗೆ ಹೋದ ಕ್ಯಾಡ್ಮಿಯಂ ತೊಳೆದರೂ ಹೋಗದು, ಕುದಿಸಿದರೂ ಹೋಗದು. ಬದನೆ, ಟೊಮ್ಯಾಟೊಗಿಂತ ಸೊಪ್ಪು ಇದನ್ನು ಹೆಚ್ಚು ಹೀರುತ್ತದೆ. ಒಂದು ಕಿಲೋ ಸೊಪ್ಪಿನಲ್ಲಿ ಕ್ಯಾಡ್ಮಿಯಂ 0.2 ಮಿಲಿಗ್ರಾಂ ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಿತಿ. ಅಂದರೆ ಪುಡಿ ಉಪ್ಪಿನ ಮೂರ್ನಾಲ್ಕು ಕಣದಷ್ಟು! ಅದು ಮೂತ್ರಪಿಂಡ ಸೇರಿದರೆ ಹತ್ತಾರು ವರ್ಷ ಅಲ್ಲೇ ಉಳಿಯುತ್ತದೆ. ಜಪಾನಿನ ಟೊಯಾಮಾದಲ್ಲಿ ಗಣಿಯ ನೀರು ಗದ್ದೆಗೆ ಹರಿದು, ಆ ಅಕ್ಕಿ ಉಂಡವರ ಎಲುಬು ಮುರಿದವು. ಕಾರಣ ಕ್ಯಾಡ್ಮಿಯಂ ಎಂದು ಅಲ್ಲಿನ ಸರ್ಕಾರ ಒಪ್ಪಿದ್ದು 1968ರಲ್ಲಿ. ಅಷ್ಟು ದೂರ ಏಕೆ, ಬೆಂಗಳೂರಿನ ಕೊಳೆ ಹೊತ್ತ ವೃಷಭಾವತಿ ಬೈರಮಂಗಲ ಕೆರೆಗೆ ಸೇರುತ್ತದೆ. ಆ ನೀರು ಹಾಯಿಸಿದ ಹೊಲಗಳಲ್ಲಿ ಸಂಶೋಧಕರು ಈ ಲೋಹಗಳನ್ನು ಅಳೆದಿದ್ದಾರೆ.

ನಮ್ಮ ಎರೆಮಣ್ಣು ಒಂದು ಉಪಕಾರ ಮಾಡುತ್ತದೆ. ಅದರಲ್ಲಿ ಜೇಡಿಯೂ ಸುಣ್ಣವೂ ಹೆಚ್ಚು. ಲೋಹವನ್ನು ಗಟ್ಟಿಯಾಗಿ ಹಿಡಿದುಕೊಂಡು ಗಿಡಕ್ಕೆ ಕಡಿಮೆ ಬಿಡುತ್ತದೆ. ಆದರೆ ಹಿಡಿದದ್ದು ಮಣ್ಣಿನಲ್ಲೇ ಕೂಡುತ್ತಾ ಹೋಗುತ್ತದೆ. ಟಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ ಗೆಳೆಯರು ಇಲ್ಲಿದ್ದೀರಿ. ಬೋರ್ಡೋ ದ್ರಾವಣದ ಮೈಲುತುತ್ತದಲ್ಲಿರುವ ತಾಮ್ರವೂ ಹೀಗೆಯೇ ಕೂಡುತ್ತದೆ. ತಾಮ್ರ ಸೀಸದಂಥ ವಿಷವಲ್ಲ, ಆದರೂ ಲೆಕ್ಕ ಇಡಿ.

ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ನಿಮ್ಮ ಕಡೆಗೆ ಕೃಷ್ಣೆಯ ನೀರು ಬಂತು. ನಾಲಾದ ದಂಡೆಯ ಹೆಣ್ಣುಮಗಳಿಗೆ ಗಟಾರ ಬಿಟ್ಟರೆ ಬೇರೆ ನೀರಿಲ್ಲ. ಅವಳನ್ನು ಎಬ್ಬಿಸಿ ಕಳಿಸಿ ಎಂದು ನಾನು ಹೇಳಲಾರೆ. ನಾನು ಅವಳ ಮಗ. ತೊಳೆನೀರು ಗಟಾರಕ್ಕೆ ಬೀಳುವ ಮೊದಲೇ ಶುದ್ಧವಾಗಲಿ. ಅಲ್ಲಿಯವರೆಗೆ ಆ ಹೊಲದಲ್ಲಿ ಪಾಲಕದ ಬದಲು ಸೇವಂತಿಗೆ, ಚೆಂಡುಹೂ ಬೆಳೆಯಬಹುದು. ನನ್ನ ತಮ್ಮ ಇನ್ನೂ ಪಾಲಕವನ್ನೇ ಬೆಳೆಯುತ್ತಾನೆ, ನಾನೂ ಅದನ್ನೇ ಉಣ್ಣುತ್ತೇನೆ. ಹೂವಿಗೆ ದಿನಾ ಗಿರಾಕಿ ಎಲ್ಲಿ ಎಂದು ಅವನು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಕೊನೆಗೆ ಒಂದು ಬೇಡಿಕೆ. ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಸೀಸ, ಕ್ಯಾಡ್ಮಿಯಂ ಅದರಲ್ಲಿಲ್ಲ. ಶಾಲೆಯ ಕೈತೋಟದ ಸೊಪ್ಪು ಅಕ್ಷರ ದಾಸೋಹದ ಪಾತ್ರೆಗೆ ಬೀಳುತ್ತದೆ. ನಮ್ಮ ಬಳಗದ ದೇಣಿಗೆಯ ಮೊದಲ ಖರ್ಚು ಆ ಮಣ್ಣು, ನೀರಿನ ತಪಾಸಣೆಗೆ ಆಗಲಿ. ಹಿಟ್ನಳ್ಳಿಯ ಕೃಷಿ ಕಾಲೇಜಿಗೆ ಹೋದಾಗ ಈ ಎರಡು ಲೋಹಗಳ ಹೆಸರು ಹೇಳಿಯೇ ಕೇಳಿ. ಅವ್ವನ ಹೊಲದ ಮಣ್ಣು ಒಂದು ಚೀಲ ನಾನೂ ತರುತ್ತೇನೆ.