ಹಣೆಪಟ್ಟಿ ಹೊತ್ತ ಚಿತ್ರಗಳು

ಪ್ರಶಸ್ತಿ ಚಿತ್ರವೆಂದರೆ ಆಕಳಿಕೆ, ಹೊಡೆದಾಟದ ಚಿತ್ರವೆಂದರೆ ಬರೀ ಶಿಳ್ಳೆ: ಕನ್ನಡ ಚಿತ್ರಗಳ ಬಗೆಗಿನ ಈ ಎರಡು ನಂಬಿಕೆಗಳು ಒಂದಕ್ಕೊಂದು ಆಸರೆಯಾಗಿ ನಿಂತಿವೆ. ಎರಡನ್ನೂ ಅಲುಗಾಡಿಸಲು ಶಂಕರ್ ನಾಗ್ ಒಬ್ಬರ ಚಿತ್ರಗಳೇ ಸಾಕು, ನೋಡಿ.

1978ರ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ನಿರ್ದೇಶಕರು ಗಿರೀಶ ಕಾರ್ನಾಡ. ಹಾಗಾಗಿ ಅದು ಕಲಾತ್ಮಕ ಚಿತ್ರಗಳ ಸಾಲಿಗೆ ಸೇರಿತು. ಆದರೆ ತೆರೆಯ ಮೇಲೆ ಇರುವುದೇನು? ಕೂಲಿಗೆ ಕಾದುವ ಯೋಧರು, ಕತ್ತಿವರಸೆ, ಕಾಳಗ. ಅದರ ಹಿಂದೆ ಜಪಾನಿನ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರೇರಣೆಯಿದೆ. ಆಕಳಿಸಲು ಅಲ್ಲಿ ಬಿಡುವೆಲ್ಲಿ? ಈ ಪಾತ್ರಕ್ಕಾಗಿ ಶಂಕರ್ ನಾಗ್ 1979ರ ಭಾರತ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟರೆನಿಸಿದರು.

ಅದೇ ಶಂಕರ್ ನಾಗ್ 1980ರ ‘ಆಟೋ ರಾಜ’ದಿಂದ ಆಟೋ ಚಾಲಕರ ಕಣ್ಮಣಿಯಾದರು. ಮುಂದೆ ಅವರೇ ನಿರ್ದೇಶಿಸಿದ ‘ಆಕ್ಸಿಡೆಂಟ್’ ಉಸಿರು ಬಿಗಿಹಿಡಿದು ನೋಡುವ ಅಪರಾಧ ಕಥೆ. ಅದರ ಒಳಗಿರುವುದೋ, ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಕಾರು ಹರಿಸಿದ ರಾಜಕಾರಣಿಯ ಮಗನನ್ನು ಅಧಿಕಾರ ಹೇಗೆ ಕಾಯುತ್ತದೆ ಎಂಬ ಪ್ರಶ್ನೆ. ಸಾಮಾಜಿಕ ಸಮಸ್ಯೆ ಕುರಿತ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಹಣೆಪಟ್ಟಿಯಿಂದ ನಷ್ಟ ಯಾರಿಗೆ? ‘ಇದು ಜನ ನೋಡುವಂಥದ್ದಲ್ಲ’ ಎಂದು ಮೊದಲೇ ತೀರ್ಮಾನವಾದ ಚಿತ್ರಕ್ಕೆ ಥಿಯೇಟರ್ ಸಿಗುವುದು ಕಷ್ಟ. ಥಿಯೇಟರ್ ಸಿಗದ ಚಿತ್ರವನ್ನು ಜನ ನೋಡುವುದಾದರೂ ಹೇಗೆ? ಕಡೆಗೆ ಜನ ನೋಡಲಿಲ್ಲ ಎಂಬುದೇ ಆ ತೀರ್ಮಾನಕ್ಕೆ ಸಾಕ್ಷಿಯಾಗುತ್ತದೆ. ಅತ್ತ ಹೊಡೆದಾಟದ ಚಿತ್ರದಿಂದ ಶಿಳ್ಳೆಗಿಂತ ಹೆಚ್ಚಿನದನ್ನು ಯಾರೂ ಕೇಳುವುದಿಲ್ಲ. ಕೇಳದಿದ್ದ ಮೇಲೆ ಕೊಡುವವರಾದರೂ ಯಾರು? ಚಿತ್ರದ ಜಾತಿ ವಿಚಾರಿಸುವ ಮುನ್ನ ಚಿತ್ರವನ್ನೇ ನೋಡುವ ಪ್ರೇಕ್ಷಕನಿಂದ ಮಾತ್ರ ಈ ಸರಪಳಿ ಕಡಿದೀತು.