ಚೋಮನ ಎತ್ತು, ಚೋಮನ ಮಕ್ಕಳು

(ಕಮಠಾಣದ ಸಭೆಯಲ್ಲಿ ಮಾಡಿದ ಭಾಷಣ)



ಕಾರಹುಣ್ಣಿಮೆ ಬಂದರೆ ನಮ್ಮ ಕಮಠಾಣದಾಗ, ಭಾಲ್ಕಿ, ಔರಾದ ಕಡೆ ದೇವಣಿ ಎತ್ತಿನ ಮೈ ತೊಳೀತೀವಿ, ಕೊಂಬಿಗೆ ಬಣ್ಣ ಹಚ್ತೀವಿ, ಹೋಳಿಗೆ ತಿನಿಸ್ತೀವಿ. ತಪ್ಪಲ್ಲ. ದುಡಿದ ಜೀವಕ್ಕೆ ಮರ್ಯಾದೆ ಸಿಗಬೇಕು. ಆದರೆ ವರ್ಷವಿಡೀ ಆ ಎತ್ತಿನ ಹಿಂದೆ ನಡೆದ ಆಳಿಗೆ, ಅವನ ಮಕ್ಕಳಿಗೆ ಏನು ಸಿಕ್ಕಿತು? ಇದನ್ನು ಕೇಳಲಿಕ್ಕೆ ನಾವು ಇವತ್ತು ಒಂದು ಕಾದಂಬರಿ ಹಿಡಿದು ಬಂದಿದ್ದೇವೆ.

ಶಿವರಾಮ ಕಾರಂತರ 'ಚೋಮನ ದುಡಿ' ಬಂದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು, ಸ್ವರ್ಣಕಮಲ ಬಂತು. ಚೋಮ ದಕ್ಷಿಣ ಕನ್ನಡದ ಹೊಲೆಯ, ಜೀತದಾಳು, ಐದು ಮಕ್ಕಳ ತಂದೆ. ಒಂದು ಜೋಡಿ ಎತ್ತು ಸಾಕಿದ್ದ. ತುಂಡು ಭೂಮಿ ಸಿಕ್ಕರೆ ತಾನೂ ಬೇಸಾಯ ಮಾಡಬೇಕು ಅನ್ನೋದೇ ಅವನ ಆಸೆ. ಒಡೆಯ ಸಂಕಪ್ಪಯ್ಯ ಮನಸ್ಸು ಮಾಡಿದರೂ ಅವನ ತಾಯಿ ಬೇಡ ಅಂದಳು. ಹೊಲೆಯ ಉಳಬಾರದು, ಅದೇ ಕಟ್ಟಳೆ.

ಎತ್ತು ಹಟ್ಟಿಯಲ್ಲೇ ನಿಂತವು. ಮಕ್ಕಳು ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ನಡೆದರು. ಚನಿಯ ಜ್ವರದಲ್ಲಿ ಸತ್ತ. ಗುರುವ ಮತ ಬದಲಿಸಿ ದೂರವಾದ. ಕಿರಿಯವ ನೀಲ ನೀರಲ್ಲಿ ಮುಳುಗುವಾಗ ದಡದ ಮೇಲೆ ಜನ ಇದ್ದರು. ಮುಟ್ಟಿದರೆ ಮೈಲಿಗೆ ಅಂತ ಒಬ್ಬರೂ ಕೈ ಕೊಡಲಿಲ್ಲ.

ನೋಡ್ರಿ, ಮುಳುಗಿದ್ದು ಎತ್ತಾಗಿದ್ದರೆ ಹತ್ತು ಕೈ ಬರುತ್ತಿದ್ದವು. ಮಹಾಡದ ಚವದಾರ ಕೆರೆಯಲ್ಲೂ ಹಂಗೇ, ದನ ನೀರು ಕುಡಿಯಬಹುದು, ನಾವು ಕುಡಿಯಬಾರದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಆ ನೀರು ಕುಡಿದದ್ದು ಅದಕ್ಕೇ.

ಪ್ರೇಮಚಂದರ 'ಗೋದಾನ'ದ (1936) ಹೋರಿಯೂ ಒಂದು ಹಸುವಿಗಾಗಿ ಜೀವ ತೇಯ್ದವನೇ. ಆದರೆ ಬಡ ರೈತ ಹೋರಿಗೆ ಗೇಣಿ ಹೊಲವಾದರೂ ಇತ್ತು. ಚೋಮನಿಗೆ ಅದೂ ಇಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಭೂಮಿ ಕೊಟ್ಟದ್ದು ಗೇಣಿದಾರನಿಗೆ. ಚೋಮ ಬದುಕಿದ್ದರೂ ಅವನ ಹೆಸರು ಯಾವ ಕಾಗದದಲ್ಲೂ ಇರುತ್ತಿರಲಿಲ್ಲ. 1976ರ ಕಾನೂನು ಜೀತ ತೆಗೆಯಿತು, ಜೀತದ ಸಾಲ ಹರಿಯಿತು, ಹೊಲ ಕೊಡಲಿಲ್ಲ.

ಇನ್ನೊಂದು ಮಾತು, ಇದು ನಮಗೇ. ಅಪ್ಪನ ಸಾಲಕ್ಕೆ ದುಡಿಯಲು ಹೋದವಳು ಮಗಳು ಬೆಳ್ಳಿ. ತೋಟದಲ್ಲಿ ಅವಳ ಮೈಯೇ ಸಾಲಕ್ಕೆ ಜಮೆಯಾಯಿತು. ಕಡೆಗೆ ಚೋಮನ ಸಿಟ್ಟು ಇಳಿದದ್ದು ಅವಳ ಮೇಲೆ. ಎತ್ತುಗಳನ್ನು ಕಾಡಿಗೆ ಬಿಟ್ಟ, ಅವಕ್ಕೆ ಬಿಡುಗಡೆ ಸಿಕ್ಕಿತು. ಬೆಳ್ಳಿಗೆ ಸಿಕ್ಕದ್ದು ಏಟು. ಆಮೇಲೆ ನೇಗಿಲು ಸುಟ್ಟು, ಬಾಗಿಲು ಹಾಕಿಕೊಂಡು, ದುಡಿ ಬಾರಿಸುತ್ತಾ ಸತ್ತ.

ನಾವು ಚೋಮನಿಗಾಗಿ ಅಳುತ್ತೇವೆ. ಆದರೆ ಚೋಮನ ಹಂಗ ಅಪ್ಪ ಆಗೋದು ಬೇಡ. ಧಣಿಯ ಮೇಲಿನ ಸಿಟ್ಟನ್ನು ಎತ್ತಿನ ಬೆನ್ನ ಮೇಲೆ, ಮಗಳ ಬೆನ್ನ ಮೇಲೆ ಇಳಿಸೋದು ಬೇಡ. ನಮ್ಮ ಸಾಲಕ್ಕೆ ಮಕ್ಕಳನ್ನು ಒತ್ತೆ ಇಡೋದು ಬೇಡ, ಸಾಲಿಗೆ ಕಳಿಸೋಣ. ಅವರ ದುಡಿ ನಮ್ಮ ಕಡೆ ಹಲಗಿ. ಹಲಗಿ ಬಾರಿಸೋಣ, ಬಾಗಿಲು ಹಾಕಿಕೊಂಡಲ್ಲ, ತಹಶೀಲ ಕಚೇರಿ ಮುಂದೆ ನಿಂತು, ಹೊಲ ಕೇಳುತ್ತಾ.

ಜೈ ಭೀಮ್.