ತಗಡಿನ ತೇಪೆ: ಹೊಸದಾಗಿ ಕಲಿಯುವವರಿಗೆ ನಾಲ್ಕು ಮಾತು

(ಕಾರ್ಮಿಕರ ಸಂಜೆ ತರಗತಿಯೊಂದರಲ್ಲಿ ಮಾಡಿದ ಭಾಷಣ)



ಇಲ್ಲಿ ಕುಳಿತವರಲ್ಲಿ ಗಿರಣಿಯ ಕೆಲಸಗಾರರಿದ್ದೀರಿ, ಸಣ್ಣ ವ್ಯಾಪಾರಸ್ಥರೂ ಇದ್ದೀರಿ. ವೆಲ್ಡಿಂಗ್ ವಿದ್ಯೆ ನಮಗೇಕೆ ಎಂದು ನೀವು ಕೇಳಬಹುದು. ಸರಕಿನ ಆಟೋದ ತಳವನ್ನು ತುಕ್ಕು ತಿಂದಾಗ, ತಳ್ಳುಗಾಡಿಯ ತಗಡು ಹರಿದಾಗ ಒಂದು ದಿನದ ದುಡಿಮೆ ಹೋಗುತ್ತದೆಯಲ್ಲವೆ? ಆ ತೂತನ್ನು ಮುಚ್ಚಬಲ್ಲವನನ್ನು ಜನ ಹುಡುಕಿಕೊಂಡು ಬರುತ್ತಾರೆ. ಗಿರಣಿಯ ಬಾಗಿಲಿಗೆ ಬೀಗ ಬಿದ್ದರೂ ಕೈಯಲ್ಲಿರುವ ಕಸುಬಿಗೆ ಯಾರೂ ಬೀಗ ಹಾಕಲಾರರು.

ಮೊದಲು ತಿಳಿಯಬೇಕಾದುದು ಇಷ್ಟು: ತೆಳು ತಗಡಿನ ಶತ್ರು ಶಾಖ. ಉಕ್ಕು ಕರಗಲು ಸುಮಾರು 1500 ಡಿಗ್ರಿ ಸೆಂಟಿಗ್ರೇಡ್ ಶಾಖ ಬೇಕು. ದಪ್ಪ ಕಬ್ಬಿಣದಲ್ಲಿ ಆ ಶಾಖ ಸುತ್ತಲೂ ಹರಡಿಕೊಳ್ಳುತ್ತದೆ. 20 ಗೇಜಿನ ತಗಡಿನ ದಪ್ಪವಾದರೋ ಒಂದು ಮಿಲಿಮೀಟರಿಗಿಂತ ಕಡಿಮೆ. ಅಲ್ಲಿ ಶಾಖಕ್ಕೆ ಹೋಗಲು ಎಡೆಯಿಲ್ಲ. ನಿಂತಲ್ಲೇ ನಿಂತರೆ ಇದ್ದ ತೂತು ದೊಡ್ಡದಾಗುತ್ತದೆ. ಒಂದೇ ಉಸಿರಿಗೆ ಉದ್ದಕ್ಕೂ ಎಳೆದರೆ ತಗಡು ಸುಟ್ಟ ಹಪ್ಪಳದಂತೆ ಸೊಟ್ಟಗಾಗುತ್ತದೆ. ಕಾದ ಲೋಹ ಹಿಗ್ಗುತ್ತದೆ. ಬೆಸುಗೆ ಆರುವಾಗ ಕುಗ್ಗಿ ಪಕ್ಕದ ತಗಡನ್ನು ತನ್ನ ಕಡೆಗೆ ಎಳೆಯುತ್ತದೆ. ಆದುದರಿಂದ ಈ ಕೆಲಸದಲ್ಲಿ ಕೈಯ ಚುರುಕಿಗಿಂತ ಕಾಯುವ ತಾಳ್ಮೆ ದೊಡ್ಡದು.

ಕಡ್ಡಿಯ ವೆಲ್ಡಿಂಗ್ ಎಲ್ಲ ಊರಲ್ಲಿಯೂ ಉಂಟು. ಆದರೆ ತೆಳು ತಗಡಿನ ಮೇಲೆ ಅದನ್ನು ಹೊಸಬರು ಹಿಡಿತಕ್ಕೆ ತರುವುದು ಕಷ್ಟ. ತಂತಿ ತಾನಾಗಿ ಬರುವ, ಅಂಗಡಿಗಳಲ್ಲಿ ಸಿಓಟು ಎಂದು ಕರೆಯುವ ಯಂತ್ರದಲ್ಲಿ 0.8 ಮಿ.ಮೀ. ತಂತಿ ಹಾಕಿ ಕಲಿಯುವುದು ಸುಲಭ. ಗಿರಾಕಿಯ ಗಾಡಿಯ ಮೇಲೆ ಕಲಿಯಕೂಡದು. ಮೊದಲು 16 ಗೇಜಿನ ಚೂರುಗಳು, ಆಮೇಲೆ 20 ಗೇಜಿನವು. ಎರಡು ಚೂರು ಬೆಸೆದು, ತಿರುವಿ ಹಿಂಬದಿ ನೋಡಿ. ಬಳಿಕ ವೈಸಿನಲ್ಲಿ ಹಿಡಿದು ಬಗ್ಗಿಸಿ. ಬೆಸುಗೆ ಕಿತ್ತು ಬಂದರೆ ಅದು ಮೇಲೆ ಕುಳಿತಿತ್ತೇ ಹೊರತು ಒಳಗೆ ಇಳಿದಿರಲಿಲ್ಲವೆಂದು ಅರ್ಥ.

ಇನ್ನು ತೇಪೆಯ ಕ್ರಮ. ತೂತಿನ ಸುತ್ತ ಸುತ್ತಿಗೆಯಿಂದ ತಟ್ಟಿ ನೋಡಿ. ಮೆದುವಾಗಿ ಒಳಕ್ಕೆ ಹೋಗುವಷ್ಟನ್ನೂ ಕತ್ತರಿಸಿ ತೆಗೆಯಿರಿ. ತುಕ್ಕಿಗೆ ಬೆಸುಗೆ ಹತ್ತುವುದಿಲ್ಲ. ರಟ್ಟಿನಲ್ಲಿ ಅಳತೆ ಕತ್ತರಿಸಿ, ಅದೇ ಗೇಜಿನ ತಗಡಿನಲ್ಲಿ ತೇಪೆ ಮಾಡಿ. ಮೂಲೆಗಳನ್ನು ದುಂಡಗೆ ಮಾಡಿ. ಚೂಪು ಮೂಲೆ ಬೇಗ ಕರಗಿಹೋಗುತ್ತದೆ. ಅಂಚಿನಿಂದ ಒಂದು ಅಂಗುಲದವರೆಗೆ ಬಣ್ಣ, ಎಣ್ಣೆ, ತುಕ್ಕು ಉಳಿಯದಂತೆ ಉಜ್ಜಿ ಬೆಳ್ಳಗೆ ಮಾಡಿ.

ದರ್ಜಿ ಮೊದಲು ಕಚ್ಚಾ ಹೊಲಿಗೆ ಹಾಕುತ್ತಾನಲ್ಲವೆ? ಇಲ್ಲಿಯೂ ಹಾಗೆಯೇ. ಮೇಲೊಂದು ಚುಕ್ಕೆ, ಅದಕ್ಕೆದುರಾಗಿ ಕೆಳಗೊಂದು; ಎಡಕ್ಕೊಂದು, ಬಲಕ್ಕೊಂದು. ಒಂದೊಂದು ಚುಕ್ಕೆಗೆ ಒಂದು ಕ್ಷಣ ಸಾಕು. ಆ ಜಾಗ ಆರಿದ ಮೇಲೆಯೇ ನಡುವೆ ಮತ್ತೊಂದು. ಚುಕ್ಕೆಗಳೆಲ್ಲ ಕೂಡಿ ಗೆರೆಯಾಗುವವರೆಗೆ ಹೀಗೆ ದೂರ ದೂರ ಹಾರುತ್ತ ಹೋಗಬೇಕು. ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಅದು ಶಾಖವನ್ನು ಹೀರುತ್ತದೆ. ಬೆಸುಗೆ ಅದಕ್ಕೆ ಅಂಟುವುದಿಲ್ಲ. ತೇಪೆಯನ್ನು ಅಂಚಿನ ಮೇಲೇರಿಸಿ ಕೂರಿಸುವುದು ಹೊಸಬರಿಗೆ ಸುಲಭವೇನೋ ಹೌದು. ಆದರೆ ಎರಡು ತಗಡಿನ ನಡುವೆ ನೀರು ನಿಂತು ತುಕ್ಕು ಮರಳಿ ಬರುತ್ತದೆ. ಕೆಲಸ ಮುಗಿದ ಮೇಲೆ ಎರಡೂ ಬದಿಗೆ ಪ್ರೈಮರ್ ಬಳಿಯಲು ಮರೆಯಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ವೆಲ್ಡಿಂಗಿನ ಬೆಳಕನ್ನು ಬರಿಗಣ್ಣಿನಿಂದ ನೋಡಿದವನಿಗೆ ಆಗಲೇ ನೋವು ತಿಳಿಯುವುದಿಲ್ಲ. ಕೆಲವು ಗಂಟೆ ಕಳೆದು, ರಾತ್ರಿ ಹೊತ್ತಿಗೆ ಕಣ್ಣಿಗೆ ಮರಳು ತುಂಬಿದಂತಾಗುತ್ತದೆ. ತಂಪು ಕನ್ನಡಕ ಇದಕ್ಕೆ ಸಾಲದು. ಮುಖ ಮುಚ್ಚುವ ಪರದೆಯಲ್ಲಿ 10ನೆಯ ನಂಬರಿನ ಗಾಜು ಇರಬೇಕು. ಪಕ್ಕದಲ್ಲಿ ತಗಡು ಹಿಡಿದು ನಿಲ್ಲುವ ಹುಡುಗನಿಗೂ ಅದು ಇರಬೇಕು. ಜಿ.ಐ. ತಗಡಿನ ಮೇಲಿನ ಸತು 907 ಡಿಗ್ರಿಗೇ ಕುದಿದು ಬಿಳಿ ಹೊಗೆಯಾಗುತ್ತದೆ. ಅದನ್ನು ಉಸಿರಾಡಿದರೆ ರಾತ್ರಿ ಚಳಿಜ್ವರ ಬರುತ್ತದೆ. ಹಾಲು ಕುಡಿದರೆ ಸರಿಹೋಗುತ್ತದೆ ಎಂಬುದು ಬರಿಯ ನಂಬಿಕೆ. ಬೆಸೆಯುವ ಜಾಗದ ಸತುವನ್ನು ಉಜ್ಜಿ ತೆಗೆಯುವುದು, ಗಾಳಿಯಾಡುವಲ್ಲಿ ಕೂಡುವುದು, ಹೊಗೆಗೆ ಮುಖ ಒಡ್ಡದಿರುವುದು ಸರಿಯಾದ ದಾರಿ. ಗಾಡಿಯ ಕೆಲಸವಾದರೆ ಬ್ಯಾಟರಿಯ ತಂತಿ ಬಿಚ್ಚಿ, ಹತ್ತಿರದ ಸ್ಪಂಜು, ರಬ್ಬರುಗಳನ್ನು ತೆಗೆದಿಡಿ; ಇಂಧನದ ಟ್ಯಾಂಕಿನ ಬಳಿ ಬೆಂಕಿ ಹಿಡಿಯಬೇಡಿ. ಪೆಟ್ರೋಲು, ಡೀಸೆಲು ತುಂಬಿದ್ದ ಖಾಲಿ ಡ್ರಮ್ಮನ್ನಂತೂ ಮುಟ್ಟಲೇಕೂಡದು. ಖಾಲಿಯಾಗಿ ಕಂಡರೂ ಅದರೊಳಗಿನ ಆವಿ ಗಾಳಿಯೊಡನೆ ಬೆರೆತು ಬಾಂಬಿನಂತೆ ಸಿಡಿಯುತ್ತದೆ.

ಕಣ್ಣಿನ ರಕ್ಷಣೆಗೆ ಕನ್ನಡಕ ಅಥವಾ ಪರದೆ ಕೊಡಬೇಕೆಂದು 1948ರ ಕಾರ್ಖಾನೆಗಳ ಕಾಯಿದೆಯ 35ನೆಯ ಕಲಮಿನಲ್ಲಿಯೇ ಬರೆದಿತ್ತು. ಆದರೆ ಇಬ್ಬರು ಮೂವರು ದುಡಿಯುವ ರಸ್ತೆಬದಿಯ ಅಂಗಡಿ ಸಾಮಾನ್ಯವಾಗಿ ಆ ಕಾಯಿದೆಯ ಹೊರಗೇ ಉಳಿಯಿತು. ಕಾಯಿದೆಯ ಕೈ ಅಲ್ಲಿಗೆ ಎಟುಕಲಿಲ್ಲವೆಂದು ಅಲ್ಲಿಯ ಹುಡುಗನ ಕಣ್ಣು ಅಗ್ಗವಾಯಿತೆ? ಅಂಗಡಿ ಇಟ್ಟಿರುವ ಮಿತ್ರರೇ, ಒಂದು ಪರದೆಯ ಬೆಲೆಯನ್ನು ಒಂದು ಜೊತೆ ಕಣ್ಣಿನ ಬೆಲೆಯ ಪಕ್ಕದಲ್ಲಿಟ್ಟು ನೀವೇ ತೂಗಿ ನೋಡಿ. ಕೆಲಸ ಕಲಿಯುವ ಹುಡುಗರೇ, ಪರದೆಯನ್ನು ದಯೆಯೆಂದು ಬೇಡಬೇಡಿ, ಹಕ್ಕೆಂದು ಕೇಳಿ. ಬಲ್ಲವರು ವಿದ್ಯೆಯನ್ನು ಬಚ್ಚಿಡದೆ ಹೇಳಿಕೊಡಿ. ಕಣ್ಣು ಉಳಿದರೆ ಕಸುಬು. ಕಸುಬು ಉಳಿದರೆ ಮನೆಯ ಒಲೆ.